ಒಂದು ಸಾಲಿನ ಪಾಠ, ಒಂದು ಬೀದಿಯ ಊರು

ಶಾಲೆಯ ಇತಿಹಾಸ ಪುಸ್ತಕದಲ್ಲಿ ಪೋರ್ಚುಗೀಸರಿಗೆ, ಫ್ರೆಂಚರಿಗೆ, ಇಂಗ್ಲಿಷರಿಗೆ ಪುಟಗಟ್ಟಲೆ ಜಾಗ. ಕೊನೆಯಲ್ಲಿ 'ಡೇನರೂ ವ್ಯಾಪಾರಕ್ಕೆ ಬಂದರು' ಎಂದು ಒಂದೇ ಸಾಲು. ಆ ಸಾಲನ್ನು ಕಾಲ್ನಡಿಗೆಯಲ್ಲಿ ಓದಬಹುದಾದ ಊರು ತಮಿಳುನಾಡಿನ ತರಂಗಂಬಾಡಿ. ಡೇನರ ಬಾಯಲ್ಲಿ ಅದು ಟ್ರಾಂಕೆಬಾರ್. ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ಮಯಿಲಾಡುತುರೈಗೆ ರೈಲಿದೆ. ಅಲ್ಲಿಂದ ಬಸ್ಸಿನಲ್ಲಿ ಸುಮಾರು 30 ಕಿಲೋಮೀಟರ್. ಗೈಡ್ ಬೇಕಿಲ್ಲ. ಒಂದು ನೋಟುಪುಸ್ತಕ, ಪೆನ್ಸಿಲ್, ತಲೆಗೊಂದು ಟೋಪಿ ಸಾಕು. ಬೆಳಿಗ್ಗೆ ಬೇಗ ಹೊರಡಿ. ಅಲ್ಲಿನ ಬಿಸಿಲು ಮಕ್ಕಳಿರಲಿ, ದೊಡ್ಡವರನ್ನೂ ಬಿಡುವುದಿಲ್ಲ.

ನಡಿಗೆಯನ್ನು 1792ರಲ್ಲಿ ಕಟ್ಟಿದ ಊರ ಹೆಬ್ಬಾಗಿಲಿನಿಂದ ಶುರು ಮಾಡಿ. ಅದನ್ನು ದಾಟಿದರೆ ಕಿಂಗ್ ಸ್ಟ್ರೀಟ್, ಅಂದರೆ ರಾಜಬೀದಿ. ನೇರ ಸಮುದ್ರದ ಕಡೆಗೆ ಹೋಗುವ ಈ ಬೀದಿಯಲ್ಲಿ ಎರಡು ಹಳೆಯ ಚರ್ಚುಗಳಿವೆ. 1701ರ ಝಯಾನ್ ಚರ್ಚನ್ನು ನೋಡಿ ಮುಂದೆ ಹೋಗಿ. 1718ರ ನ್ಯೂ ಜೆರುಸಲೇಮ್ ಚರ್ಚಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಅದರ ಮುಂಗೋಡೆಯ ಮೇಲೆ ಡೆನ್ಮಾರ್ಕಿನ ದೊರೆಯ ಕಿರೀಟ ಮುದ್ರೆಯಿದೆ, ಮಕ್ಕಳೇ ಹುಡುಕಲಿ. ಒಳಗೆ ಸೀಗನ್‌ಬಾಲ್ಗ್ ಎಂಬ ಜರ್ಮನ್ ಪಾದ್ರಿಯ ಸಮಾಧಿ. 1706ರಲ್ಲಿ ಬಂದಿಳಿದ ಈತ ಸ್ಥಳೀಯ ಮಕ್ಕಳ ಜೊತೆ ಕುಳಿತು ಮರಳಿನ ಮೇಲೆ ಬೆರಳಿನಿಂದ ತಮಿಳು ಅಕ್ಷರ ತಿದ್ದಿದನಂತೆ. ಇಪ್ಪತ್ತು ದಾಟಿದವನಿಗೆ ಒಂದನೇ ಕ್ಲಾಸು! 1715ರಲ್ಲಿ ಅವನ ತಮಿಳು 'ಹೊಸ ಒಡಂಬಡಿಕೆ' ಇದೇ ಊರಿನಲ್ಲಿ ಅಚ್ಚಾಯಿತು. ತೀರಿಕೊಂಡಾಗ ಅವನಿಗೆ 36 ವರ್ಷ.

ಬೀದಿ ಮುಗಿದಲ್ಲಿ ಬಯಲು, ಬಯಲಿನ ಅಂಚಿಗೆ ಡಾನ್ಸ್‌ಬೋರ್ಗ್ ಕೋಟೆ. ವಿಜಯನಗರದ ಅಧೀನದಲ್ಲಿ ಬೆಳೆದ ನಾಯಕ ಮನೆತನದವನು ತಂಜಾವೂರಿನ ರಘುನಾಥ ನಾಯಕ. ಅವನೊಡನೆ 1620ರಲ್ಲಿ ಒಪ್ಪಂದ ಮಾಡಿಕೊಂಡವನು 25ರ ಹರೆಯದ ಓವೆ ಯೆಡ್ಡೆ. ನಾಯಕ ಡೆನ್ಮಾರ್ಕಿನ ದೊರೆಗೆ ಬರೆಸಿದ ಚಿನ್ನದ ಹಾಳೆಯ ಪತ್ರ ಈಗಲೂ ಕೋಪನ್‌ಹೇಗನ್ನಿನಲ್ಲಿದೆ. ಮೆಣಸಿನ ಆಸೆಗೆ ಬಂದವರು ಬಟ್ಟೆ ಸಾಗಿಸಿದರು, ಮನುಷ್ಯರನ್ನೂ ಮಾರಿದರು. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಸೀಗನ್‌ಬಾಲ್ಗನನ್ನೂ ಅಂದಿನ ಡೇನ್ ಅಧಿಕಾರಿ ಈ ಕೋಟೆಯಲ್ಲೇ ಸುಮಾರು ನಾಲ್ಕು ತಿಂಗಳು ಕೂಡಿಹಾಕಿದ್ದ. ದೊರೆ ಕಳಿಸಿದ ಪಾದ್ರಿಗೇ ಈ ಗತಿ! ಕೊನೆಗೆ 1845ರಲ್ಲಿ ಡೇನರು ಈ ಊರನ್ನೂ ಬಂಗಾಳದ ಸೆರಾಂಪುರವನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿ ಹೊರಟುಹೋದರು. ಊರಿನ ಜನರನ್ನು ಯಾರಾದರೂ ಕೇಳಿದ್ದರೇ ಎಂದು ಮಗು ಕೇಳಿದರೆ ಉತ್ತರ ಸಿದ್ಧವಿರಲಿ.

ಬಂದವರೆಲ್ಲ ಕೋಟೆ ನೋಡಿ, ಫೋಟೋ ಹಿಡಿದು, ಬಸ್ಸು ಹತ್ತುತ್ತಾರೆ. ನೀವು ಹತ್ತಬೇಡಿ. ದಡ ಹಿಡಿದು ಉತ್ತರಕ್ಕೆ ನಡೆಯಿರಿ. ಡೇನರು ಬರುವ ಮೂರು ಶತಮಾನ ಮೊದಲೇ, 1306ರ ಸುಮಾರಿಗೆ, ಪಾಂಡ್ಯ ದೊರೆ ಮಾರವರ್ಮ ಕುಲಶೇಖರನ ಕಾಲದಲ್ಲಿ ಎದ್ದ ಮಾಸಿಲಾಮಣಿನಾಥರ್ ಗುಡಿ ಅಲ್ಲಿದೆ. ಅದರ ಮುಂಭಾಗವನ್ನು ಸಮುದ್ರ ಎಂದೋ ತಿಂದುಹಾಕಿತು. ಇದೇ ಸಮುದ್ರ 2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿಯಾಗಿ ನುಗ್ಗಿ ಈ ಊರಿನ ನೂರಾರು ಜನರನ್ನು ಒಯ್ದಿತು. ಹೆಚ್ಚಿನವರು ಮೀನುಗಾರರ ಕೇರಿಯವರು. ರಾಜಬೀದಿಯ ಕಟ್ಟಡಗಳಿಗೆ ಇಸವಿಯುಂಟು, ಕಟ್ಟಿಸಿದವರ ಹೆಸರುಂಟು. ಡೇನರಿಗಿಂತ ಮೊದಲೂ ಆಮೇಲೂ ಇಲ್ಲೇ ಬಲೆ ಬೀಸಿದವರ ಕೇರಿಗೆ ಅಂಥದ್ದೇನೂ ಇಲ್ಲ. ಬಲೆ ಹೊಲಿಯುತ್ತ ಕುಳಿತ ಹಿರಿಯರು ಸಿಕ್ಕರೆ ನಮಸ್ಕಾರ ಹೇಳಿ ಮಾತಾಡಿಸಿ. ಅರೆಬರೆ ತಮಿಳಾದರೂ ಪರವಾಗಿಲ್ಲ.

ಗುಡಿಗೂ ಅಲೆಗೂ ನಡುವೆ ಈಗ ದಪ್ಪ ಕಲ್ಲುಗುಂಡುಗಳನ್ನು ಒಟ್ಟಿದ್ದಾರೆ. ಅವುಗಳ ಮೇಲೆ ಹತ್ತಬೇಡಿ, ಜಾರುತ್ತವೆ. ಈಚೆಯೇ ನಿಂತು, ಗುಡಿಯ ಗೋಡೆಯಿಂದ ಕಲ್ಲಿನ ರಾಶಿಗೆ ಎಷ್ಟು ಹೆಜ್ಜೆ ಎಂದು ಮಕ್ಕಳು ಎಣಿಸಲಿ. ಆ ಲೆಕ್ಕವನ್ನು ತಾರೀಖಿನ ಸಮೇತ ನೋಟುಪುಸ್ತಕದಲ್ಲಿ ಬರೆದಿಡಲಿ. ಮತ್ತೊಮ್ಮೆ ಹೋದಾಗ ಬೇಕಾಗುತ್ತದೆ.