ಹೊಲಿಗೆ ಕೀವಾದ ಲೆಕ್ಕ ಎಲ್ಲಿದೆ?

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಅವರಿಗೆ ಹಾಕಿದ ಸಲೈನ್ ಬಾಟಲಿಯ ಬಗ್ಗೆ ಮಾತಾಡಿತು. ಔಷಧ ನಿಯಂತ್ರಕರ ಅಮಾನತೂ ಆಯಿತು. ಆಗಬೇಕಾದ್ದೇ. 2019ರಲ್ಲಿ ಬೆಂಗಳೂರಿನ ಮಿಂಟೊ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಹಲವರು ದೃಷ್ಟಿ ಕಳೆದುಕೊಂಡಾಗಲೂ ಹೀಗೇ. ವೈದ್ಯರ ಮೇಲೆ ಹಲ್ಲೆ, ವೈದ್ಯರ ಮುಷ್ಕರ, ಅಷ್ಟರಲ್ಲಿ ಕಣ್ಣಿನ ಮಾತೇ ಮರೆತುಹೋಯಿತು.

ಇಂಥದ್ದು ಸುದ್ದಿಯಾಗಲು ಜೀವವೋ ಕಣ್ಣೋ ಹೋಗಬೇಕು. ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಆಸ್ಪತ್ರೆಯ ಸೋಂಕು ಸದ್ದಿಲ್ಲದೆ ಮನೆಗೆ ಬರುತ್ತದೆ. ಡಿಸ್ಚಾರ್ಜ್ ಆಗಿ ವಾರಕ್ಕೆ ಹೊಲಿಗೆ ಕೆಂಪಗಾಗಿ ಕೀವು ಒಸರುತ್ತದೆ. ಮನೆಯವರು ‘ನಂಜಾಯ್ತು, ಪಥ್ಯ ಸಾಲಲಿಲ್ಲ’ ಎಂದು ಬಾಣಂತಿಯನ್ನೇ ಬೈಯುತ್ತಾರೆ. ಆಸ್ಪತ್ರೆಯ ಪುಸ್ತಕದಲ್ಲಿ ಆಕೆ ಗುಣವಾಗಿ ಹೋದವಳು.

ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ದಾಖಲಾಗುವ ನೂರು ರೋಗಿಗಳಲ್ಲಿ 15 ಮಂದಿಗೆ ಆಸ್ಪತ್ರೆಯಲ್ಲೇ ಸೋಂಕು ತಗಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಡೆಯುವ ದಾರಿ ಗೊತ್ತಿಲ್ಲದ್ದೇನಲ್ಲ. 1847ರಲ್ಲೇ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ ಸಹೋದ್ಯೋಗಿಗಳ ಕೈ ತೊಳೆಸಿ ಸಾವು ಇಳಿಸಿದ. ಸೋಪು ಹಚ್ಚಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಆದರೆ ಒಬ್ಬ ನರ್ಸು ಇಡೀ ವಾರ್ಡಿಗೆ ಓಡುತ್ತಿದ್ದರೆ, ಬೇಸಿಗೆಯಲ್ಲಿ ನಲ್ಲಿ ಬರಿದಾಗಿದ್ದರೆ, ಶೌಚಾಲಯ ಒರೆಸಿದ ಮಾಪೇ ಹೆರಿಗೆ ಕೋಣೆಗೂ ಬಂದರೆ, ಗೋಡೆಗೆ ಅಂಟಿಸಿದ ಕೈ ತೊಳೆಯುವ ಚಿತ್ರ ಯಾರನ್ನು ಕಾಯುತ್ತದೆ? ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಗೆ ಸಂಬಳ ತಡವಾಗಿ ಕೊಟ್ಟು, ತಪ್ಪಾದಾಗ ಮೊದಲು ಅವರನ್ನೇ ತೆಗೆಯುವ ಚಾಳಿಯಂತೂ ನಾಚಿಕೆಗೇಡು.

ನನ್ನ ಒತ್ತಾಯ ಇಷ್ಟೇ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಊರುಗಳ ಸರ್ಕಾರಿ ಆಸ್ಪತ್ರೆಗಳು ಪ್ರತಿ ತಿಂಗಳು ಎಷ್ಟು ಶಸ್ತ್ರಚಿಕಿತ್ಸೆ, ಎಷ್ಟು ಹೊಲಿಗೆ ಕೀವಾಯಿತು ಎಂದು ಬಾಗಿಲ ಬಳಿ ಬರೆದು ಹಾಕಲಿ. ಖಾಸಗಿ ನರ್ಸಿಂಗ್ ಹೋಮುಗಳಿಗೂ ವಿನಾಯಿತಿ ಬೇಡ.

‘ಅಂಕಿ ಹಾಕಿದರೆ ಜನ ಹೊಡೆಯಲು ಬರ್ತಾರೆ, ಕಷ್ಟದ ಕೇಸನ್ನೆಲ್ಲ ಶಿವಮೊಗ್ಗಕ್ಕೆ ಕಳಿಸಬೇಕಾಗುತ್ತೆ’ ಎಂಬುದು ವೈದ್ಯರ ಭಯ. ಸುಳ್ಳು ಭಯವಲ್ಲ. ಅದಕ್ಕೇ ವೈದ್ಯರ ಹೆಸರು ಬೇಡ, ಊರೂರಿನ ಪೈಪೋಟಿಯೂ ಬೇಡ. ಆಸ್ಪತ್ರೆ ತನ್ನ ಹಿಂದಿನ ತಿಂಗಳಿನೊಂದಿಗೆ ತನ್ನನ್ನೇ ಹೋಲಿಸಿಕೊಳ್ಳಲಿ. ಎಷ್ಟು ಕೇಸು ಬೇರೆಡೆಗೆ ಕಳಿಸಿದರು ಎಂಬುದೂ ಪಕ್ಕದಲ್ಲೇ ಇರಲಿ. ಲೆಕ್ಕ ತರುವವರು ಯಾರು ಎನ್ನುವುದೂ ನೆಪವಾಗದು. ಆಶಾ ಕಾರ್ಯಕರ್ತೆ ಹೆರಿಗೆಯಾದ 3, 7, 14ನೇ ದಿನ ಎನ್ನುತ್ತ 42ನೇ ದಿನದವರೆಗೂ ಮಗು ನೋಡಲು ಮನೆಗೆ ಹೋಗುತ್ತಾರೆ. ತಾಯಿಯ ಹೊಲಿಗೆಯನ್ನೂ ನೋಡಿ ಬರೆದುಕೊಳ್ಳಲಿ, ಆ ಕೆಲಸಕ್ಕೆ ಪ್ರತ್ಯೇಕ ಹಣ ಕೊಡಿ. ಶಾಸಕರು ಕೂರುವ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಹೊಸ ಯಂತ್ರದ ಉದ್ಘಾಟನೆಗೆ ಮುಂಚೆ ಈ ಪಟ್ಟಿ ಓದಬೇಕು.