ಪಂಚನಾಮೆಗೂ ಶವಾಗಾರಕ್ಕೂ ನಡುವೆ

ಕೆಲವು ವರ್ಷಗಳ ಹಿಂದಿನ ಮಾತು. ಮುಂಬಯಿಯ ಉಪನಗರವೊಂದರ ಹೋಟೆಲಿನ ಮೇಲ್ಮಾಳಿಗೆಯಲ್ಲಿ ಮಲಗಿದ್ದ ಕುಂದಾಪುರ ಸೀಮೆಯ ಯುವಕನೊಬ್ಬ ಬೆಳಗ್ಗೆ ಏಳಲಿಲ್ಲ. ವಯಸ್ಸು ಇಪ್ಪತ್ತೆಂಟು. ಹತ್ತಿರದ ವೈದ್ಯರು ಬಂದು ನೋಡಿ, ಕಾರಣ ತಿಳಿಯದ ಸಾವಿಗೆ ಪ್ರಮಾಣಪತ್ರ ಕೊಡಲಾಗದು, ಪೊಲೀಸರಿಗೆ ತಿಳಿಸಿ ಎಂದರು. ಅವರು ಹೇಳಿದ್ದು ಸರಿಯೇ. ಸುದ್ದಿ ಕೇಳಿ ಸಂಘದ ನಾವು ನಾಲ್ವರು ಅಲ್ಲಿಗೆ ತಲುಪಿದಾಗ ಪೊಲೀಸರು ಬಂದಿದ್ದರು. ಅದಕ್ಕೂ ಮೊದಲೇ ಯಾರೋ ಒಳ್ಳೆಯ ಮನಸ್ಸಿನಿಂದಲೇ ಕೋಣೆ ಗುಡಿಸಿ, ತಲೆದಿಂಬಿನ ಬಳಿಯಿದ್ದ ಅರ್ಧ ಖಾಲಿಯಾದ ಮಾತ್ರೆ ಚೀಟಿಯನ್ನು ಕಸದ ಬುಟ್ಟಿಗೆ ಹಾಕಿದ್ದರು.

ಮರಾಠಿಯಲ್ಲಿ ಬರೆದ ಪಂಚನಾಮೆಗೆ ಜೊತೆಗಾರರಿಬ್ಬರು ಸಹಿ ಹಾಕಿದರು. ಸಂಜೆಯ ಹೊತ್ತಿಗೆ ಮರಣೋತ್ತರ ಪರೀಕ್ಷೆ ಮುಗಿದು ಶವ ನಮ್ಮ ಕೈಗೆ ಬಂತು. ಸಾವಿನ ಕಾರಣದ ಜಾಗದಲ್ಲಿ, ಅಭಿಪ್ರಾಯವನ್ನು ಕಾಯ್ದಿರಿಸಲಾಗಿದೆ ಎಂಬರ್ಥದ ಒಂದು ಸಾಲು ಇತ್ತು. ಅದೇ ರಾತ್ರಿ ಆಂಬುಲೆನ್ಸು ಊರಿನ ದಾರಿ ಹಿಡಿಯಿತು. ಒಳಾಂಗಗಳ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ತಿಂಗಳುಗಳ ನಂತರ ಬಂದ ವರದಿ ಹೇಳಿದ್ದು ಒಂದೇ ಮಾತು: ವಿಷದ ಅಂಶವಿಲ್ಲ.

ಹಾಗಾದರೆ ಸತ್ತದ್ದು ಹೇಗೆ? ಇದನ್ನು ಕೇಳುವ ಹೊಣೆ ಆಮೇಲೆ ಯಾರದೂ ಆಗಿರಲಿಲ್ಲ. ವರ್ಷಾಂತ್ಯದ ತಿಥಿಗೆ ಹೋದಾಗ ಜೊತೆಗಾರನೊಬ್ಬ ನಮ್ಮೊಡನೆ ಮಾತಿಗೆ ಮಾತು ಬಂದು ಹೇಳಿದ: ಆತ ಹಿಂದಿನ ಮಳೆಗಾಲದಲ್ಲಿ ಎರಡು ಸಲ ಮೆಟ್ಟಿಲ ಮೇಲೆ ತಲೆತಿರುಗಿ ಬಿದ್ದಿದ್ದನಂತೆ. ತಾಯಿಯ ತಮ್ಮನೂ ಹೀಗೆಯೇ, ಮೂವತ್ತು ತುಂಬುವ ಮೊದಲೇ, ಗದ್ದೆಯಲ್ಲಿ ಕುಸಿದು ಹೋಗಿದ್ದನಂತೆ. ಇದನ್ನು ಅಂದೇ ಏಕೆ ಹೇಳಲಿಲ್ಲವೆಂದು ಕೇಳಿದೆವು. “ಯಾರೂ ಕೇಳಲಿಲ್ಲವಲ್ಲ” ಎಂದ.

ಕೇಳದೆ ಉಳಿದ ಆ ಪ್ರಶ್ನೆಯ ಬೆಲೆಯೇನೆಂದು ಓದುಗರು ಯೋಚಿಸಬೇಕು. ಹರೆಯದವರ ಹಠಾತ್ ಸಾವಿಗೆ ಹೃದಯದ ಸ್ನಾಯು ದಪ್ಪಗಾಗುವ ರೋಗ ಒಂದು ಕಾರಣ. ಅದು ವಂಶದಲ್ಲಿ ಹರಿದುಬರುವಂಥದ್ದು. ಹೃದಯದ ವಿದ್ಯುತ್ ಸಂಚಾರದ ಕೆಲವು ದೋಷಗಳೂ ಹಾಗೆಯೇ, ಮತ್ತು ಅವು ಶವಪರೀಕ್ಷೆಯಲ್ಲಿ ಯಾವ ಗುರುತನ್ನೂ ಬಿಡುವುದಿಲ್ಲ. ಅಂಥ ಸಾವಿನ ಕಾರಣ ಸತ್ತವನ ದೇಹದಲ್ಲಿ ಸಿಗದು. ಮನೆಯವರ ಮಾತಿನಲ್ಲಿ, ಮನೆತನದ ಚರಿತ್ರೆಯಲ್ಲಿ ಸಿಗಬಹುದು. ಆ ಯುವಕನ ತಮ್ಮ ಅದೇ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದ. ನೀನೂ ಒಮ್ಮೆ ಹೃದಯ ತೋರಿಸಿಕೊಳ್ಳಪ್ಪ ಎಂದು ಅವನಿಗೆ ಹೇಳಿದವರಿಲ್ಲ.

ಇದು ಒಬ್ಬ ಅಧಿಕಾರಿಯ ತಪ್ಪೆಂದು ನಾವು ಹೇಳುತ್ತಿಲ್ಲ. ಕೊರತೆ ಇರುವುದು ಏರ್ಪಾಡಿನಲ್ಲಿ. ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮು, ಇಂಥ ಸಾವಿನ ವಿಚಾರಣೆಯನ್ನು ಪೊಲೀಸರಿಗೆ ವಹಿಸಿದೆ. ಇಬ್ಬರು ಗೌರವಸ್ಥ ನೆರೆಯವರ ಎದುರು ಮೈಮೇಲಿನ ಗಾಯಗಳನ್ನು ಗುರುತಿಸಿ, ತೋರಿಕೆಯ ಕಾರಣವನ್ನು ಬರೆಯಬೇಕು. ಪೊಲೀಸರ ಮುಂದಿರುವ ಪ್ರಶ್ನೆ ಒಂದೇ: ಇದರಲ್ಲಿ ಇನ್ನೊಬ್ಬರ ಕೈವಾಡವಿದೆಯೇ? ಇಲ್ಲವೆಂದಾದರೆ ಅವರ ಕಡತ ಮುಚ್ಚುತ್ತದೆ. ಶವಾಗಾರದ ವೈದ್ಯರ ಮುಂದಿರುವುದು ದೇಹ ಮಾತ್ರ; ಅವರು ಆ ಕೋಣೆಯನ್ನು ಕಂಡವರಲ್ಲ, ತಾಯಿಯೊಡನೆ ಮಾತಾಡಿದವರಲ್ಲ. ಏಳು ವರ್ಷ ಅಥವಾ ಅದಕ್ಕೂ ಮಿಕ್ಕಿದ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಆದರೆ ಕಾರಣ ತಿಳಿಯದ ಸಾವು ಇನ್ನೂ ಅಪರಾಧವೇ ಅಲ್ಲವಲ್ಲ.

ಈ ನಗರದಲ್ಲಿ ಒಂದು ಕಾಲಕ್ಕೆ ಬೇರೊಂದು ವ್ಯವಸ್ಥೆಯಿತ್ತು. 1871ರ ಕಾಯಿದೆಯಂತೆ ಮುಂಬಯಿಗೆ ಕೊರೋನರ್ ಎಂಬ ಅಧಿಕಾರಿಯಿದ್ದರು. ಹೇಗೆ ಸತ್ತರು ಎಂಬುದನ್ನು ಸಾರ್ವಜನಿಕವಾಗಿ ವಿಚಾರಿಸಿ ತೀರ್ಮಾನ ಹೇಳುವುದೇ ಅವರ ಕೆಲಸ. 1999ರಲ್ಲಿ ಆ ಹುದ್ದೆ ರದ್ದಾಯಿತು. ಪೊಲೀಸರ ಕೆಲಸವನ್ನೇ ಮತ್ತೆ ಮಾಡುವ ವಿಳಂಬದ ವ್ಯವಸ್ಥೆ ಎಂಬ ದೂರಿಗೆ ಆಧಾರವಿದ್ದೀತು. ಆದರೆ ಸಾವಿನ ಕಾರಣವನ್ನು ಅಪರಾಧದಿಂದ ಬೇರ್ಪಡಿಸಿ ಕೇಳುವ ಕಚೇರಿಯೂ ಅದರೊಡನೆ ಹೋಯಿತು. ಆ ಜಾಗ ತೆರವಾಗಿಯೇ ಉಳಿಯಿತು.

ಆ ಜಾಗಕ್ಕೆ ಬರಬೇಕಾದವರು ಫೊರೆನ್ಸಿಕ್ ನರ್ಸ್, ಎಂದರೆ ನ್ಯಾಯವೈದ್ಯಕೀಯ ತರಬೇತಿ ಪಡೆದ ಶುಶ್ರೂಷಕಿ, ಎಂಬುದು ನಮ್ಮ ಅಭಿಪ್ರಾಯ. ಇದು ಹೊಸ ಕಲ್ಪನೆಯಲ್ಲ. ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ಡಾ. ಜಾನ್ ಬಟ್ ಅವರು 1970ರ ದಶಕದಲ್ಲಿಯೇ ನರ್ಸುಗಳನ್ನು ಸಾವಿನ ತನಿಖೆಗೆ ನೇಮಿಸಿಕೊಂಡರು. ಅಮೆರಿಕದಲ್ಲಿ ವರ್ಜೀನಿಯಾ ಲಿಂಚ್ ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟರು. 1992ರಲ್ಲಿ ಅಂತರರಾಷ್ಟ್ರೀಯ ಸಂಘವೊಂದು ಹುಟ್ಟಿತು. ಆಕೆ ಸ್ಥಳಕ್ಕೆ ಹೋಗುತ್ತಾಳೆ. ಯಾವ ಮಾತ್ರೆ, ಎಷ್ಟು ಉಳಿದಿದೆ, ಹಾಸಿಗೆಯಲ್ಲಿ ಯಾವ ಮಗ್ಗುಲಲ್ಲಿ ಮಲಗಿದ್ದರು ಎಂದು ಬರೆದುಕೊಳ್ಳುತ್ತಾಳೆ. ಬಟ್ಟೆಬರೆ, ಮಾದರಿಗಳು ಯಾರ ಕೈಯಿಂದ ಯಾರ ಕೈಗೆ ಹೋದವೆಂಬ ಲೆಕ್ಕವನ್ನು ಮುರಿಯದಂತೆ ಇಡುತ್ತಾಳೆ. ಹಳೆಯ ಚಿಕಿತ್ಸೆಯ ಕಾಗದಗಳನ್ನು ಹುಡುಕಿಸುತ್ತಾಳೆ. ಎಲ್ಲಕ್ಕಿಂತ ಮಿಗಿಲಾಗಿ, ದುಃಖದಲ್ಲಿರುವವರ ಹತ್ತಿರ ಕುಳಿತು ಕೇಳಬಲ್ಲಳು. ವರದಿ ಬಂದ ಮೇಲೆ ಅದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬಲ್ಲಳು.

ದಾಖಲೆಯಾಗದ್ದು ನ್ಯಾಯಾಲಯದವರೆಗೆ ಹೋಗುವುದಿಲ್ಲ ಎಂಬುದಕ್ಕೆ ಮುಂಬಯಿ ಕನ್ನಡಿಗರಾದ ನಾವು ದೂರದ ಉದಾಹರಣೆ ಹುಡುಕಬೇಕಿಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಹಲ್ಲೆಯಾಯಿತು. ಅವರು ಅನುಭವಿಸಿದ್ದರಲ್ಲಿ ಲೈಂಗಿಕ ದೌರ್ಜನ್ಯವೂ ಇತ್ತು. ಆದರೆ ಅಪರಾಧಿಗೆ ಶಿಕ್ಷೆಯಾದದ್ದು ಕೊಲೆಯತ್ನ ಮತ್ತು ಸುಲಿಗೆಗೆ ಮಾತ್ರ. ಅದೇ ಆಸ್ಪತ್ರೆಯ ನರ್ಸುಗಳು 2015ರ ಮೇ 18ರಂದು ಅವರು ತೀರಿಕೊಳ್ಳುವವರೆಗೂ, ನಲವತ್ತೊಂದು ವರ್ಷ ಮೀರಿ, ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಇದು ಸಾವಿನ ತನಿಖೆಯ ಪ್ರಕರಣವಲ್ಲ, ನಿಜ. ಆದರೂ ಅದು ಎರಡು ಮಾತನ್ನು ಕಲಿಸುತ್ತದೆ. ಮೊದಲ ಗಳಿಗೆಯಲ್ಲಿ ಬರೆಯದೆ ಬಿಟ್ಟದ್ದನ್ನು ಯಾವ ಕರುಣೆಯೂ ಆಮೇಲೆ ತುಂಬಿಕೊಡಲಾರದು. ಹಾಗೆಯೇ, ರೋಗಿಯ ದೇಹವನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲವರು ನರ್ಸುಗಳು.

ಆಕ್ಷೇಪಗಳು ಇಲ್ಲದಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಇರುವ ವಾರ್ಡುಗಳಿಗೇ ನರ್ಸುಗಳು ಸಾಲದು. ಅವರ ತಲೆಯ ಮೇಲೆ ಮತ್ತೊಂದು ಹೊರೆಯೇ ಎಂದು ಕೇಳುವವರಿದ್ದಾರೆ. ಹೊರೆಯಾಗಿ ಹೊರಿಸಿದರೆ ಅದು ಅನ್ಯಾಯವೇ ಸರಿ. ನಾವು ಬೇಡುವುದು ಪ್ರತ್ಯೇಕ ಹುದ್ದೆ, ಅದಕ್ಕೆ ತಕ್ಕ ಸಂಬಳ. ಕಾನೂನಿನ ಅಧಿಕಾರವಿಲ್ಲದ ಆಕೆ ಏನು ಮಾಡಿಯಾಳು ಎನ್ನುವವರೂ ಇದ್ದಾರೆ. ಪಂಚನಾಮೆಯನ್ನು ಪೊಲೀಸರೇ ಬರೆಯಲಿ, ಅಭಿಪ್ರಾಯವನ್ನು ವೈದ್ಯರೇ ಕೊಡಲಿ. ಇಬ್ಬರಿಗೂ ದೊರಕದ ಒಂದು ಪುಟ ಮಾಹಿತಿಯನ್ನು ಆಕೆ ಶವದೊಡನೆ ಕಳುಹಿಸಿಕೊಟ್ಟರೆ ಸಾಕು.

ಇದೇ ನಗರದಲ್ಲಿ ಇಂಥದ್ದು ನಡೆದೂ ಇದೆ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದ ದಶಕದ ಆರಂಭದಲ್ಲಿ ತೆರೆದ ‘ದಿಲಾಸಾ’ ಕೇಂದ್ರ, ಮೆಟ್ಟಿಲಿಂದ ಬಿದ್ದೆ ಎನ್ನುವ ಹೆಣ್ಣಿನ ಗಾಯದ ಹಿಂದೆ ಮನೆಯ ಹಿಂಸೆಯನ್ನು ಗುರುತಿಸಲು ಆಸ್ಪತ್ರೆಯ ಸಿಬ್ಬಂದಿಗೆ ಕಲಿಸಿತು. ಭಾರತೀಯ ನರ್ಸಿಂಗ್ ಪರಿಷತ್ತು 2021ರ ಪರಿಷ್ಕೃತ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಫೊರೆನ್ಸಿಕ್ ನರ್ಸಿಂಗಿನ ಪ್ರಾಥಮಿಕ ಪಾಠವನ್ನು ಸೇರಿಸಿದೆ. ಪಾಠ ಬಂದಿದೆ, ಕಲಿತವರಿಗೆ ಶವಾಗಾರದ ಬಾಗಿಲಲ್ಲಿ ಒಂದು ಮೇಜು, ಒಂದು ಕುರ್ಚಿ ಬೇಕಾಗಿದೆ. ಲೋಕಲ್ ರೈಲಿನ ಹಳಿಗಳಲ್ಲೇ, ಕೋವಿಡ್ ವರ್ಷಗಳನ್ನು ಬಿಟ್ಟರೆ, ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಜನ ಸಾಯುವ ನಗರಕ್ಕೆ ಇದು ಅತಿಯಾದ ಬೇಡಿಕೆಯಲ್ಲ.

ಅಲ್ಲಿಯವರೆಗೆ ನಮ್ಮ ಸಂಘಸಂಸ್ಥೆಗಳು ಮಾಡಬಹುದಾದ್ದೂ ಇದೆ. ಹೋಟೆಲು ಕಾರ್ಮಿಕರ ಕೋಣೆಗಳಲ್ಲಿ ಸಾವು ಸಂಭವಿಸಿದಾಗ ಪೊಲೀಸರು ಬರುವವರೆಗೆ ಏನನ್ನೂ ಗುಡಿಸದಂತೆ ತಿಳಿಹೇಳೋಣ. ಸತ್ತವರ ಕಾಯಿಲೆ, ಮಾತ್ರೆ, ಮನೆತನದ ಹಿಂದಿನ ಸಾವುಗಳನ್ನು ಬರೆದು ತನಿಖೆಯ ಅಧಿಕಾರಿಗೂ ವೈದ್ಯರಿಗೂ ಕೊಡೋಣ. ಭಾಷೆ ತಿಳಿಯದ ಮನೆಯವರ ಪರವಾಗಿ ಅಂತಿಮ ವರದಿಯನ್ನು ಕೇಳಿ ಪಡೆಯೋಣ. ನಮ್ಮಲ್ಲೇ ಇರುವ ನಿವೃತ್ತ ನರ್ಸುಗಳು ಇದಕ್ಕೆ ಮುಂದೆ ಬಂದರೆ ಕೆಲಸ ಇನ್ನೂ ಸುಲಭ.

ಆ ತಮ್ಮನನ್ನು ನಾವು ತಡವಾಗಿಯಾದರೂ ಹೃದಯತಜ್ಞರ ಬಳಿಗೆ ಕರೆದೊಯ್ದೆವು. ಈಗ ಅವನು ದಿನಕ್ಕೊಂದು ಮಾತ್ರೆ ನುಂಗುತ್ತಾನೆ. ಭಾರ ಹೊರುವುದನ್ನು ಬಿಟ್ಟು ಗಲ್ಲಾದಲ್ಲಿ ಕೂರುತ್ತಾನೆ. ತಿಥಿಯ ದಿನ ಜೊತೆಗಾರ ಬಾಯಿಬಿಡದಿದ್ದರೆ ಇದೂ ನಡೆಯುತ್ತಿರಲಿಲ್ಲ. ಒಂದು ಜೀವ ಅಂಥ ಆಕಸ್ಮಿಕಕ್ಕೆ ಜೋತುಬೀಳಬಾರದು.