ಡಬ್ಬಿಯಲ್ಲಿ ಬಂದ ವಿಮಾನ ಯಾರದು?



ವಿಜ್ಞಾನ ವಸ್ತುಪ್ರದರ್ಶನದ ಮೇಜಿನ ಮೇಲೆ ಒಂದು ಪುಟ್ಟ ಯುದ್ಧವಿಮಾನ ನಿಂತಿದೆ ಎಂದುಕೊಳ್ಳಿ. ರೆಕ್ಕೆಗೆ ಹಸಿರು, ಕಂದು ಬಣ್ಣ. ಮೂತಿಯಲ್ಲಿ ಪ್ರೊಪೆಲ್ಲರ್. ಕೈಯಲ್ಲಿ ರಿಮೋಟ್ ಹಿಡಿದ ಹುಡುಗನೊಬ್ಬ ಪಕ್ಕದಲ್ಲಿ ನಿಂತಿದ್ದಾನೆ. ತೀರ್ಪುಗಾರರು ಬಂದು, "ಇದನ್ನು ನೀನೇ ಮಾಡಿದೆಯೇನಪ್ಪಾ?" ಎಂದು ಕೇಳುತ್ತಾರೆ. ಹುಡುಗ ತಲೆ ತಗ್ಗಿಸಿ, "ಇಲ್ಲ ಸಾರ್, ಡಬ್ಬಿಯಲ್ಲಿ ಬಂದದ್ದು. ನಾನು ಜೋಡಿಸಿದೆ ಅಷ್ಟೆ" ಎನ್ನುತ್ತಾನೆ.

ಅವನು ತಲೆ ತಗ್ಗಿಸಬೇಕೆ? ಅಂಗಡಿಯಿಂದ ತಂದ ಮಾದರಿಯಲ್ಲಿ ಕಲಿಯುವುದೇನೂ ಇಲ್ಲ ಎಂದು ಹಲವರು ಹೇಳುತ್ತಾರೆ. ಇನ್ನು ಕೆಲವರು, "ಕಂಪನಿಯವರು ಸರಿಯಾಗಿಯೇ ಮಾಡಿರುತ್ತಾರೆ, ನೀನು ಕೈ ಹಾಕಿ ಕೆಡಿಸಬೇಡ" ಎಂದು ಗದರಿಸುತ್ತಾರೆ. ಈ ಎರಡು ಮಾತುಗಳನ್ನೂ ನಾನು ಒಪ್ಪುವುದಿಲ್ಲ. ಏಕೆಂದು ಹೇಳುತ್ತೇನೆ, ಕೇಳಿ.

ಇಂಥ ಡಬ್ಬಿಯಲ್ಲಿ ಬಾಲ್ಸಾ ಎಂಬ ಹಗುರ ಮರದಿಂದಲೋ, ಗಟ್ಟಿ ಫೋಮ್‌ನಿಂದಲೋ ಮಾಡಿದ ಒಡಲು, ರೆಕ್ಕೆ, ಬಾಲ ಸಿದ್ಧವಾಗಿ ಬರುತ್ತವೆ. ನಾವು ಅವನ್ನು ಅಂಟಿಸಿ, ಮೋಟಾರು, ಬ್ಯಾಟರಿ, ರಿಸೀವರ್ ಕೂರಿಸಬೇಕು. ನಿಮ್ಮ ಕೈಯಲ್ಲಿರುವ ರಿಮೋಟ್ ರೇಡಿಯೊ ತರಂಗಗಳನ್ನು ಕಳಿಸುತ್ತದೆ. ವಿಮಾನದೊಳಗಿನ ರಿಸೀವರ್ ಅವನ್ನು ಹಿಡಿದು, ಸರ್ವೊ ಎಂಬ ಪುಟ್ಟ ಮೋಟಾರುಗಳಿಗೆ ಆಜ್ಞೆ ಕೊಡುತ್ತದೆ. ಸರ್ವೊಗಳು ತೆಳು ಕಡ್ಡಿಗಳ ಮೂಲಕ ರೆಕ್ಕೆಯ ಮತ್ತು ಬಾಲದ ಚಲಿಸುವ ಪಟ್ಟಿಗಳನ್ನು ಎಳೆಯುತ್ತವೆ. ವಿಮಾನ ತಿರುಗುತ್ತದೆ, ಏರುತ್ತದೆ, ಇಳಿಯುತ್ತದೆ.

ನಾನು ಮೊದಲ ಸಲ ಜೋಡಿಸಿದ್ದು ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಯುದ್ಧವಿಮಾನದ ಮಾದರಿ. ಎರಡು ಸಂಜೆಗಳಲ್ಲಿ ಕೆಲಸ ಮುಗಿಯಿತು. ಅವಸರದಲ್ಲಿ ಸೂಚನೆಯ ಒಂದು ಸಾಲನ್ನು ಓದಿಯೂ ಬಿಟ್ಟುಬಿಟ್ಟಿದ್ದೆ. ಮೈದಾನದಲ್ಲಿ ಗೆಳೆಯ ಅದನ್ನು ಕೈಯಿಂದ ತೂರಿದ. ವಿಮಾನ ಮೂತಿ ಎತ್ತಿತು, ಇನ್ನೂ ಎತ್ತಿತು, ಗಾಳಿಯಲ್ಲಿ ನಿಂತಂತಾಗಿ ಒಂದು ಪಕ್ಕಕ್ಕೆ ಉರುಳಿ ನೆಲಕ್ಕೆ ಬಿತ್ತು. ಎಲ್ಲ ಸೇರಿ ನಾಲ್ಕೈದು ಸೆಕೆಂಡು. ಒಂದು ರೆಕ್ಕೆ ಮುರಿದಿತ್ತು. ತಪ್ಪು ನನ್ನದೇ. ನಾನು ಬಿಟ್ಟ ಸಾಲಿನಲ್ಲಿ ಇದ್ದದ್ದು ಗುರುತ್ವ ಕೇಂದ್ರದ ವಿಷಯ.

ವಿಮಾನವನ್ನು ಎರಡು ಬೆರಳುಗಳ ಮೇಲೆ ನಿಲ್ಲಿಸಿದರೆ ಅದು ಯಾವ ಜಾಗದಲ್ಲಿ ಸಮತೂಕದಲ್ಲಿ ನಿಲ್ಲುತ್ತದೋ ಅಲ್ಲಿ ಅದರ ಗುರುತ್ವ ಕೇಂದ್ರವಿದೆ. ಸಾಮಾನ್ಯ ಮಾದರಿಗಳಲ್ಲಿ ಈ ಜಾಗ ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. ಸ್ಪಿಟ್‌ಫೈರ್ ಮಾದರಿಗೆ ಮೂತಿ ಗಿಡ್ಡ, ಬಾಲ ಉದ್ದ. ನಿಜವಾದ ವಿಮಾನದ ಮೂತಿಯಲ್ಲಿ ಭಾರವಾದ ಎಂಜಿನ್ ಇತ್ತು, ಮಾದರಿಯಲ್ಲಿ ಇರುವುದು ಹಗುರವಾದ ಮೋಟಾರು. ಹಾಗಾಗಿ ಬಾಲ ಭಾರವಾಗುತ್ತದೆ.

ಇಲ್ಲಿ ನಿಮ್ಮ ಪಾಠದ ಸನ್ನೆಯನ್ನು ನೆನಪಿಸಿಕೊಳ್ಳಿ. ಗುರುತ್ವ ಕೇಂದ್ರ ಇರಬೇಕಾದ ಜಾಗದಿಂದ 60 ಸೆಂ.ಮೀ. ಹಿಂದೆ, ಬಾಲದಲ್ಲಿ 10 ಗ್ರಾಂ ಅಂಟು ಹೆಚ್ಚಾಗಿ ಬಿತ್ತು ಎನ್ನೋಣ. 20 ಸೆಂ.ಮೀ. ಮುಂದಿರುವ ಮೂತಿಯಲ್ಲಿ ಎಷ್ಟು ತೂಕ ಇಟ್ಟರೆ ಸರಿಹೋಗುತ್ತದೆ? 10ನ್ನು 60ರಿಂದ ಗುಣಿಸಿದರೆ 600. 30ನ್ನು 20ರಿಂದ ಗುಣಿಸಿದರೂ 600. ಅಂದರೆ 30 ಗ್ರಾಂ ಬೇಕು! ಬಾಲದಲ್ಲಿ ಚೆಲ್ಲಿದ ಅಂಟಿಗೆ ಮೂತಿ ಮೂರು ಪಟ್ಟು ದಂಡ ಕಟ್ಟುತ್ತದೆ. ರೆಕ್ಕೆ ರಿಪೇರಿ ಮಾಡಿದ ಮೇಲೆ ನಾನು ಸೀಸದ ತುಂಡು ಇಡಲು ಹೋಗಲಿಲ್ಲ. ಫೋಮ್ ಕೆತ್ತಿ, ಬ್ಯಾಟರಿಯನ್ನೇ ಮೋಟಾರಿನ ಬೆನ್ನಿಗೆ ತಾಗುವಷ್ಟು ಮುಂದಕ್ಕೆ ಸರಿಸಿದೆ. ತೂಕ ಹೆಚ್ಚಲಿಲ್ಲ, ವಿಮಾನ ನೆಟ್ಟಗೆ ಹಾರಿತು.

ಆಮೇಲೆ ಇನ್ನೊಂದು ತೊಂದರೆ. ಸ್ಪಿಟ್‌ಫೈರ್‌ನ ಎರಡು ಚಕ್ರಗಳು ಒಂದಕ್ಕೊಂದು ತೀರಾ ಹತ್ತಿರ. ನಿಜವಾದ ವಿಮಾನವೂ ನೆಲದ ಮೇಲೆ ಓಲಾಡುತ್ತಿತ್ತು. ನನ್ನ ಮಾದರಿಯಂತೂ ಹುಲ್ಲಿನ ಮೇಲೆ ಇಳಿದಾಗಲೆಲ್ಲ ಮೂತಿ ಊರಿ ಮಗುಚುತ್ತಿತ್ತು. ಚಕ್ರದ ತಂತಿಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿ, ದೊಡ್ಡ ಚಕ್ರ ಹಾಕಿದೆ. ಮಗುಚುವುದು ಬಹುಮಟ್ಟಿಗೆ ನಿಂತಿತು. ಈ ಎರಡು ಬದಲಾವಣೆ ನನಗೆ ಕಲಿಸಿದಷ್ಟನ್ನು ಇಡೀ ಜೋಡಣೆ ಕಲಿಸಿರಲಿಲ್ಲ.

"ಸಿದ್ಧವಾದದ್ದನ್ನು ಮುಟ್ಟಬೇಡ" ಎನ್ನುವವರಿಗೆ ನಿಜವಾದ ಸ್ಪಿಟ್‌ಫೈರ್‌ನ ಕಥೆಯೇ ಉತ್ತರ. ಅದು ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಅದನ್ನು ರೂಪಿಸಿದ ಆರ್. ಜೆ. ಮಿಚೆಲ್ ಮರುವರ್ಷವೇ, 1937ರಲ್ಲಿ ತೀರಿಕೊಂಡರು. ಆದರೂ ಬೇರೆ ಎಂಜಿನಿಯರುಗಳು ಹತ್ತಾರು ವರ್ಷಗಳ ಅನುಭವವಿದ್ದವರಂತೆ ಅದನ್ನು ತಿದ್ದುತ್ತಲೇ ಹೋದರು. ಒಟ್ಟು 20,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು.

ಆ ತಿದ್ದುಪಡಿಗಳಲ್ಲಿ ಒಂದು ನನಗೆ ಬಹಳ ಇಷ್ಟ. ಬಸ್ಸು ಉಬ್ಬು ದಾಟಿ ಥಟ್ಟನೆ ಇಳಿದಾಗ ನೀವು ಸೀಟಿನಿಂದ ಮೇಲಕ್ಕೆ ಚಿಮ್ಮುತ್ತೀರಿ, ಅಲ್ಲವೆ? ಸ್ಪಿಟ್‌ಫೈರ್ ಥಟ್ಟನೆ ಮೂತಿ ತಗ್ಗಿಸಿದಾಗ ಎಂಜಿನ್ನಿನ ಕಾರ್ಬ್ಯುರೇಟರ್‌ನಲ್ಲಿದ್ದ ಪೆಟ್ರೋಲಿಗೂ ಹೀಗೆಯೇ ಆಗುತ್ತಿತ್ತು. ಮೊದಲು ಎಂಜಿನ್ನಿಗೆ ಇಂಧನ ಸಾಲದೆ, ಆಮೇಲೆ ಒಮ್ಮೆಗೇ ಹೆಚ್ಚಾಗಿ, ಅದು ನಿಂತುಹೋಗುತ್ತಿತ್ತು. ಯುದ್ಧದ ನಡುವೆ ಇದು ಪೈಲಟ್‌ನ ಪ್ರಾಣಕ್ಕೇ ಕುತ್ತು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್ ಇದಕ್ಕೊಂದು ಉಪಾಯ ಕಂಡುಹಿಡಿದರು. ಇಂಧನ ಬರುವ ದಾರಿಯಲ್ಲಿ ತೂತಿರುವ ಒಂದು ಪುಟ್ಟ ಲೋಹದ ತುಂಡು! ತೂತು ಅಳತೆಗೆ ಸರಿಯಾಗಿದ್ದರಿಂದ ಎಂಜಿನ್ನಿಗೆ ಬೇಕಾದಷ್ಟು ಇಂಧನ ಬರುತ್ತಿತ್ತು, ಹೆಚ್ಚಿಗೆ ನುಗ್ಗುತ್ತಿರಲಿಲ್ಲ. ಅವರು ತಮ್ಮ ತಂಡದೊಂದಿಗೆ ವಾಯುನೆಲೆಗಳಿಗೇ ಹೋಗಿ ಅದನ್ನು ಅಳವಡಿಸಿದರು. ದೋಷ ಪೂರ್ತಿ ಹೋಗಲು ಬೇರೆ ಬಗೆಯ ಕಾರ್ಬ್ಯುರೇಟರ್ ಬರಬೇಕಾಯಿತು. ಅಲ್ಲಿಯವರೆಗೆ ಪೈಲಟ್‌ಗಳನ್ನು ಕಾಪಾಡಿದ್ದು ಆ ತೂತಿನ ತುಂಡು.

ನಮ್ಮ ಬೆಂಗಳೂರಿನಲ್ಲೂ ಎಚ್.ಎ.ಎಲ್. ಸಂಸ್ಥೆ ಮಾರುತ್ ಯುದ್ಧವಿಮಾನವನ್ನು ಕಟ್ಟುವ ಮೊದಲು, ಅದೇ ಗಾತ್ರದ ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿ ಹಾರಿಸಿ ನೋಡಿತು. ತಪ್ಪುಗಳನ್ನು ಅಲ್ಲೇ ತಿಳಿದುಕೊಂಡಿತು. ಎಂಜಿನ್ ಇರುವ ಮಾರುತ್ 1961ರ ಜೂನ್ 17ರಂದು ಹಾರಿತು.

ಯುದ್ಧವಿಮಾನವನ್ನು ಮಕ್ಕಳು ಆಟದ ವಸ್ತು ಮಾಡಿಕೊಳ್ಳುವುದು ಸರಿಯೇ ಎಂದು ನಿಮ್ಮ ಟೀಚರ್ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆ ವಿಮಾನಗಳಿಂದ ಜನ ಸತ್ತಿದ್ದಾರೆ, ಅವುಗಳಲ್ಲಿ ಕುಳಿತ ಎಳೆಯ ಪೈಲಟ್‌ಗಳೂ ಸತ್ತಿದ್ದಾರೆ. ಅದನ್ನು ಮರೆಯದೆ, ಯಂತ್ರದ ಜಾಣ್ಮೆಯನ್ನು ಮೆಚ್ಚಬಹುದು ಎಂಬುದು ನನ್ನ ಅಭಿಪ್ರಾಯ.

ಇಂಥ ಡಬ್ಬಿ ಕೊಳ್ಳಲು ಸಾವಿರಾರು ರೂಪಾಯಿ ಬೇಕು. ನಿಮ್ಮಲ್ಲಿ ಹೆಚ್ಚಿನವರ ಮನೆಗೆ ಅದು ಬರಲಾರದು. ಬೇಸರ ಬೇಡ. ಮದುವೆ ಕರೆಯೋಲೆಯ ದಪ್ಪ ಕಾಗದದಲ್ಲಿ ರೆಕ್ಕೆ ಮತ್ತು ಬಾಲ ಕತ್ತರಿಸಿ, ತೆಂಗಿನ ಗರಿಯ ಕಡ್ಡಿಗೆ ಅಂಟಿಸಿ. ತೂರಿ ನೋಡಿ. ಮೂತಿ ಎತ್ತಿ ಬಿದ್ದರೆ ಮೂತಿಗೆ ಕಡಲೆಕಾಳಿನಷ್ಟು ಜೇಡಿಮಣ್ಣು ಮೆತ್ತಿ ಮತ್ತೆ ತೂರಿ. ನೇರ ಕೆಳಕ್ಕೆ ಧುಮುಕಿದರೆ ಸ್ವಲ್ಪ ಮಣ್ಣು ತೆಗೆಯಿರಿ. ಪ್ರತಿ ಸಲ ಎಷ್ಟು ಹೆಜ್ಜೆ ದೂರ ಹೋಯಿತೆಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನನ್ನ ವಿಮಾನ ರೆಕ್ಕೆ ಮುರಿದುಕೊಂಡು ಕಲಿಸಿದ ಪಾಠವನ್ನು ಇದು ಪುಕ್ಕಟೆಯಾಗಿ ಕಲಿಸುತ್ತದೆ. ರಿಮೋಟ್ ವಿಮಾನ ಸಿಕ್ಕಿದವರು ಮಾತ್ರ ಒಂದು ಮಾತು ನೆನಪಿಡಿ. ಪ್ರೊಪೆಲ್ಲರ್ ಬೆರಳು ಕತ್ತರಿಸಬಲ್ಲದು, ಬ್ಯಾಟರಿ ಬೆಂಕಿ ಹಿಡಿಯಬಲ್ಲದು. ದೊಡ್ಡವರ ಜೊತೆಯಲ್ಲಿ, ಜನರಿಂದಲೂ ವಿಮಾನ ನಿಲ್ದಾಣದಿಂದಲೂ ದೂರದಲ್ಲಿ, ನಿಯಮ ತಿಳಿದುಕೊಂಡೇ ಹಾರಿಸಿ.

ಈಗ ವಸ್ತುಪ್ರದರ್ಶನದ ಆ ಹುಡುಗನ ಬಳಿಗೆ ಮರಳೋಣ. "ನೀನೇ ಮಾಡಿದೆಯಾ?" ಎಂದು ಕೇಳಿದ ತೀರ್ಪುಗಾರರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಿತ್ತು: "ಇದರಲ್ಲಿ ನೀನು ಏನು ಬದಲಾಯಿಸಿದೆ, ಏಕೆ?" ಅದಕ್ಕೆ ಅವನು "ಬ್ಯಾಟರಿಯನ್ನು ಇಷ್ಟು ಮುಂದಕ್ಕೆ ಸರಿಸಿದೆ ಸಾರ್, ಏಕೆಂದರೆ..." ಎಂದು ಹೇಳಬಲ್ಲನಾದರೆ, ಆ ವಿಮಾನ ಅವನದೇ. ಅವನು ತಲೆ ಎತ್ತಿ ನಿಲ್ಲಬಹುದು.